ಐಸುಲುವಿಗೆ ಹೇಳಿದ್ದು ಕಣಿವೆಗೆಲ್ಲ ಕೇಳಿತು

“ಹದಿನೆಂಟು ವರ್ಷದಿಂದ ಕುರಿ, ಕುದುರೆ, ಯಾಕ್ ದನ, ಎಲ್ಲಕ್ಕೂ ಹೆರಿಗೆ ಮಾಡಿಸಿದೀನಿ. ಸ್ವಂತ ಮಗಳಿಗೆ ನಾಲ್ಕು ಮಾತು ಹೇಳೋಕಾಗಲ್ವಾ? ಹತ್ತು ನಿಮಿಷದ ಕೆಲಸ!” ಎಂದು ಎದೆ ತಟ್ಟಿಕೊಂಡ, ನಾರಿನ್ ಸೀಮೆಯ ಪಶುವೈದ್ಯ ತೊಲೊಮುಷ್.

“ಮೆಲ್ಲಗೆ ತಟ್ಕೊಳ್ಳಿ, ಗುಂಡಿ ಕಿತ್ತು ಬರುತ್ತೆ,” ಎಂದಳು ಹೆಂಡತಿ ಬುರುಲ್. ಅಷ್ಟು ಹೇಳಿ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು.

ವಿಷಯ ಅಳುವಂಥದ್ದೇ. ಹನ್ನೊಂದು ವರ್ಷದ ಮಗಳು ಐಸುಲು ಮೂರು ದಿನದಿಂದ ಕುದುರೆ ಏರಿರಲಿಲ್ಲ. ತೊರೆಯಲ್ಲಿ ಕದ್ದುಮುಚ್ಚಿ ಬಟ್ಟೆ ಒಗೆಯುತ್ತಿದ್ದಳು. ಆ ಬೆಳಿಗ್ಗೆ ತಮ್ಮನನ್ನು ಕರೆದು, “ನಾನು ಸತ್ತುಹೋಗ್ತೀನಿ ಕಣೋ. ನನ್ನ ಕುದುರೆಮರಿ ನಿನಗೆ. ಸರಿಯಾಗಿ ನೀರು ಕುಡಿಸು,” ಎಂದಿದ್ದಳಂತೆ. ಕುದುರೆಮರಿ ಸಿಕ್ಕ ಖುಷಿಯಲ್ಲಿ ಅವನು ಓಡಿಬಂದು ಅಮ್ಮನಿಗೆ ಸುದ್ದಿ ಮುಟ್ಟಿಸಿದ್ದ!

“ನೀನೇ ಹೇಳಬಾರದೇನೇ?”

“ನಮ್ಮಮ್ಮ ನನಗೆ ಹೇಳಿದ್ರೆ ತಾನೇ? ಬಾಯಿ ತೆಗೆದ್ರೆ ನಾಲಿಗೆ ಗಂಟಾಗುತ್ತೆ ಕಣ್ರೀ.”

ಬೇಸಿಗೆಯ ಹುಲ್ಲುಗಾವಲಿನಲ್ಲಿ ಗುಟ್ಟಿನ ಮಾತಿಗೆ ಜಾಗವೆಲ್ಲಿ? ಇದ್ದವು ಹನ್ನೆರಡು ಕಂಬಳಿ ಗುಡಾರ. ಒಂದರಲ್ಲಿ ಸೀನಿದರೆ ಇನ್ನೊಂದರಲ್ಲಿ ಹರಸುತ್ತಾರೆ! ತೊಲೊಮುಷ್ ಮಗಳನ್ನು ಇಲಾಖೆಯ ಜೀಪಿನಲ್ಲಿ ಕೂರಿಸಿ, ಗಾಜು ಏರಿಸಿ, ಗಂಟಲು ಸರಿಮಾಡಿಕೊಂಡ.

“ನೋಡಮ್ಮ, ನೀನು ಸಾಯ್ತಿಲ್ಲ, ಬೆಳೀತಿದೀಯ. ಇದಕ್ಕೆ ಮುಟ್ಟು ಅಂತಾರೆ. ಇದು ರೋಗ ಅಲ್ಲ, ಕೊಳಕಲ್ಲ, ನಿನ್ನ ತಪ್ಪಂತೂ ಅಲ್ಲವೇ ಅಲ್ಲ.”

ಐಸುಲು ಅಪ್ಪನ ಕಡೆ ತಿರುಗಿದಳು. “ಹಾಗಾದ್ರೆ ಕುದುರೆಮರಿ ವಾಪಸ್ ತಗೋಬಹುದಾ?”

“ಈಗಲೇ!”

ಮಗಳ ಮುಖ ಅರಳಿತು. ಅಪ್ಪನ ವಾಗ್ಝರಿಯ ಕಟ್ಟೆಯೊಡೆಯಿತು! ಗರ್ಭಕೋಶವೆಂದರೇನು, ಮಗು ಹೇಗೆ ಬೆಳೆಯುತ್ತದೆ, ಎಲ್ಲ ಹೇಳಿದ. “ನಿನಗೆ ಇಷ್ಟವಿಲ್ಲದೆ ಯಾರೂ ನಿನ್ನ ಮೈ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಕೂಗು. ಬಂದು ನಮಗೆ ಹೇಳು. ನಿನ್ನನ್ನ ಯಾರೂ ಬೈಯಲ್ಲ,” ಎಂದ. ಅವನಿಗೇ ಆಶ್ಚರ್ಯ: ನನ್ನ ದನಿಗೆ ಇಷ್ಟು ಗಾಂಭೀರ್ಯ ಎಲ್ಲಿಂದ ಬಂತು? ಎದುರಿನ ಬೆಟ್ಟವೂ ಹೂಂಗುಟ್ಟುತ್ತಿದೆಯಲ್ಲ!

“ಅಪ್ಪಾ, ಎಲ್ಲರೂ ಯಾಕೆ ಹೊರಗೆ ನಿಂತಿದ್ದಾರೆ?”

ನೋಡಿದ. ಕುದುರೆಯ ಹಾಲು ಕರೆಯುತ್ತಿದ್ದವಳು ಬಕೆಟ್ಟು ಉರುಳಿದ್ದೂ ಗೊತ್ತಿಲ್ಲದೆ ನಿಂತಿದ್ದಳು. ಗಂಡಸರು ತಂತಮ್ಮ ಬೂಟಿನ ತುದಿಯನ್ನು ಭಕ್ತಿಯಿಂದ ದಿಟ್ಟಿಸುತ್ತಿದ್ದರು. ಮುದಿ ಕುರಿಗಾಹಿಯೊಬ್ಬ ತನ್ನ ಕುದುರೆಯ ಕಿವಿ ಮುಚ್ಚಿ ಹಿಡಿದಿದ್ದ!

ಕುರಿಗಳ ಲಸಿಕೆಯ ದಿನ ಸಾರಲೆಂದು ಜೀಪಿನ ನೆತ್ತಿಯ ಮೇಲೆ ಧ್ವನಿವರ್ಧಕವಿತ್ತು. ಬೆಳಿಗ್ಗೆ ಸಾರಿದ ತೊಲೊಮುಷ್ ಒಳಗಿನ ಮೈಕು ಆರಿಸುವುದನ್ನು ಮರೆತಿದ್ದ. ಈಗ ಗುಂಡಿಯ ಮೇಲೆ ಮುಗಿಬಿದ್ದು, ಗಾಬರಿಯಲ್ಲಿ ಉಲ್ಟಾ ತಿರುಗಿಸಿ ದನಿ ಇನ್ನಷ್ಟು ಏರಿಸಿದ. “ಅಯ್ಯೋ, ಇದನ್ನ ನಿಲ್ಲಿಸೋದು ಹೇಗೆ!”

“ಹೇಗೆ... ಹೇಗೆ...” ಎಂದಿತು ಕಣಿವೆ.

ಅಂತೂ ನಿಲ್ಲಿಸಿ ಸೀಟಿನ ಕೆಳಕ್ಕೆ ಜಾರಿದ. ಬುರುಲ್ ಬಂದು ಗಾಜು ಕುಟ್ಟಿದಳು. “ಮಗಳಿಗೆ ಹೇಳಿ ಅಂದ್ರೆ ಬೆಟ್ಟಕ್ಕೆಲ್ಲ ಹೇಳಿದ್ರಲ್ರೀ! ಅಗೋ, ಬಾತ್ಮಾ ಅಜ್ಜಿ ಕೋಲು ಹಿಡ್ಕೊಂಡು ಬರ್ತಿದ್ದಾರೆ.”

ಹುಲ್ಲುಗಾವಲಿಗೆಲ್ಲ ಹಿರಿಯಳಾದ ಬಾತ್ಮಾ ಬಂದಳು. ಹಿಂದೆ ಮೊಮ್ಮಕ್ಕಳ ದಂಡು, ಅವರ ತಾಯಂದಿರು. ತೊಲೊಮುಷ್ ಏಟಿಗೆ ಕಾದು ಕಣ್ಮುಚ್ಚಿದ.

“ಮೇಲೇಳು ಡಾಕ್ಟ್ರಪ್ಪ. ನಿನ್ನ ಮಗಳ ವಯಸ್ಸಲ್ಲಿ ನಾನೂ ಹೀಗೇ ಸಾಯೋಕೆ ಕೂತಿದ್ದೆ. ಒಬ್ಬರಾದ್ರೂ ಹೇಳ್ಬೇಕಲ್ಲ! ಈ ಮಕ್ಕಳ ಮುಂದೆ ಕೂತು ಇನ್ನೊಂದ್ಸಲ ಹೇಳು.”

ಅವನಿಗಿಂತ ಮೊದಲು ಬುರುಲ್ ಬಾಯಿ ತೆರೆದಳು. “ಹೆಣ್ಣುಮಕ್ಕಳೆಲ್ಲ ನನ್ನ ಹತ್ರ ಬನ್ನಿ. ನಾನು ಹೇಳ್ತೀನಿ,” ಎಂದಳು, ಮುಖ ಕೆಂಪಾದರೂ ದನಿ ನಡುಗದೆ. ಐಸುಲು ಅಮ್ಮನ ಪಕ್ಕದಲ್ಲೇ ಕೂತಳು.

ತೊಲೊಮುಷ್‌ನ ಎದೆ ಮತ್ತೆ ಉಬ್ಬಿತು. “ಹೇಗಿತ್ತಜ್ಜಿ ನನ್ನ ಪಾಠ?”

“ಚಿನ್ನದಂಥ ಪಾಠ. ಆದ್ರೆ ಮಗು ಹೊಟ್ಟೇಲಿ ಐದು ತಿಂಗಳು ಇರುತ್ತೆ ಅಂದ್ಯಲ್ಲ, ಅದು ಕುರಿ ಕಣಪ್ಪ! ನಮ್ಮ ಸೊಸೆಗೆ ನಿನ್ನೆಗೆ ಐದು ತುಂಬಿತು. ನಿನ್ನ ಮಾತು ಕೇಳಿದಾಗಿಂದ ನನ್ನ ಮಗ ಹಂಡೆ ತುಂಬ ನೀರು ಕಾಯಿಸ್ತಾ ಕೂತಿದ್ದಾನೆ. ಹೋಗು, ಮೊದಲು ಅವನನ್ನ ಎಬ್ಬಿಸು!”