ಪಹಣಿಯಲ್ಲಿ ಹೆಸರಿದ್ದವರ ಎಳ್ಳಮಾವಾಸ್ಯೆ

ನಮ್ಮ ತಾಲೂಕಿಗೆ ಹಾಂಗ್‌ಕಾಂಗ್ ಜ್ವರವು ಸಾವಿರದ ಒಂಬೈನೂರ ಅರವತ್ತೆಂಟನೆಯ ಇಸವಿ ಡಿಸೆಂಬರ್ ಎರಡನೆಯ ತಾರೀಖು, ಸೋಮವಾರ ಬೆಳಿಗ್ಗೆ ಹತ್ತೂವರೆಗೆ, ಅಂದರೆ ಕಚೇರಿಯ ವೇಳೆಯಲ್ಲಿಯೇ ಆಗಮಿಸಿತು. ಬಂದ ದಾರಿಯ ಬಗ್ಗೆ ಯಾರಿಗೂ ತಕರಾರಿಲ್ಲ. ಮುಂಬಯಿಯ ಗಾಡಿಯಲ್ಲಿ ವಾಡಿ ಜಂಕ್ಷನ್ನಿಗೆ ಬಂದು, ಅಲ್ಲಿ ಎಲ್ಲರಂತೆ ಇಳಿದು ಚಹಾ ಕುಡಿದು, ಬಸ್ಸು ಹಿಡಿದು ನಮ್ಮಲ್ಲಿಗೆ ಬಂತು. ಅದು ಯಾವ ತಾಲೂಕು ಎಂದು ನಾನು ಬರೆಯುವುದಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ ಇವುಗಳಲ್ಲಿ ಯಾವ ಹೆಸರು ಬರೆದರೂ ಉಳಿದ ಎರಡು ಕಡೆಯ ಗುಮಾಸ್ತರು, ಇದು ನಡೆದದ್ದು ತಮ್ಮ ಕಚೇರಿಯಲ್ಲಿ ಎಂದು ಹಕ್ಕು ಸಾಧಿಸಲು ಬರುತ್ತಾರೆ.

ಆ ಕಚೇರಿಯಲ್ಲಿ ನಾನು, ಪಾಂಡುರಂಗರಾವ, ಎರಡನೆಯ ದರ್ಜೆಯ ಗುಮಾಸ್ತನಾಗಿದ್ದೆ. ಕರಡು ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಹೆಸರಿತ್ತು. ಸಾದಾ ಮಾತೊಂದನ್ನು ಕೊಟ್ಟರೆ ಅದನ್ನು ಯಾರಿಗೂ ತಿಳಿಯದ ಹಾಗೆ, ಆದರೆ ಎಲ್ಲರಿಗೂ ಅನ್ವಯಿಸುವ ಹಾಗೆ ಬರೆದುಕೊಡುತ್ತಿದ್ದೆ. ಈ ಹೆಸರನ್ನು ಊರ ತುಂಬ ಹಬ್ಬಿಸಿದವನೂ ನಾನೇ.

ಹತ್ತೊಂಬತ್ತನೆಯ ತಾರೀಖು ಎಳ್ಳಮಾವಾಸ್ಯೆ ಇತ್ತು. ಹಬ್ಬವನ್ನು ನಿಲ್ಲಿಸಬಾರದು, ಜ್ವರವನ್ನು ಹಬ್ಬಲು ಬಿಡಬಾರದು ಎಂದು ಮೇಲಿನಿಂದ ಆದೇಶ ಬಂದಿತ್ತು. ನಮ್ಮ ಸಾಹೇಬರು ಮಂಡ್ಯದ ಕಡೆಯವರು, ವರ್ಗವಾಗಿ ಬಂದು ನಾಲ್ಕು ತಿಂಗಳಾಗಿತ್ತು. ಎಳ್ಳಮಾವಾಸ್ಯೆ ಎಂದರೇನು ಎಂದು ನನ್ನನ್ನು ಕರೆದು ಕೇಳಿದರು. ಆ ದಿನ ಊರಿಗೆ ಊರೇ ಖಾಲಿಯಾಗಿ ಹೊಲಕ್ಕೆ ಹೋಗುತ್ತದೆ, ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಪಲ್ಯ ಗಡಿಗೆಗಟ್ಟಲೆ, ಸಜ್ಜೆ ರೊಟ್ಟಿ, ಕಡುಬು ಒಯ್ಯುತ್ತಾರೆ, ಹೊಲದ ಸುತ್ತ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿ ಆಮೇಲೆ ತಾವು ಉಣ್ಣುತ್ತಾರೆ ಎಂದು ವಿವರಿಸಿದೆ. ಹೊಲದ ಬದಿಯಲ್ಲಿ ಹಾಯ್ದವರನ್ನು ಉಣಿಸದೆ ಬಿಡುವುದಿಲ್ಲ ಎಂದೂ ಹೇಳಿದೆ. ಸಾಹೇಬರು ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡರು.

“ದಾರೀಲಿ ಹೋಗೋರ್ನೂ ಕರೀತಾರೇನ್ರೀ?”

“ಕರೀತಾರ್ರಿ ಸಾಹೇಬ್ರ. ಬರಂಗಿಲ್ಲಂದ್ರ ಸೈಕಲ್ ಹಿಡದು ನಿಂದ್ರಸ್ತಾರ.”

ಅಂದೇ ಮಧ್ಯಾಹ್ನ ನಾನು ಸುತ್ತೋಲೆಯ ಕರಡಿಗೆ ಕುಳಿತೆ. ಒಟ್ಟು ಹದಿನಾಲ್ಕು ನಿಯಮಗಳಾದವು. ಬೇರೆಯವರ ಮತ್ತು ತನ್ನ ನಡುವೆ ಹತ್ತು ಅಡಿ ಅಂತರವಿರತಕ್ಕದ್ದು. ‘ಬರ್ರಿ, ಉಂಡು ಹೋಗ್ರಿ’ ಎಂಬ ಮಾತನ್ನು ಒಬ್ಬ ವ್ಯಕ್ತಿಗೆ ಮೂರು ಸಲಕ್ಕಿಂತ ಹೆಚ್ಚು ಹೇಳತಕ್ಕದ್ದಲ್ಲ. ಚರಗ ಚೆಲ್ಲುವಾಗ ಕೂಗುವ ಕೂಗನ್ನು ಮನಸ್ಸಿನಲ್ಲಿಯೇ ಕೂಗತಕ್ಕದ್ದು. ಇವೆಲ್ಲ ಸಣ್ಣಪುಟ್ಟವು. ನಾನು ನಿಜವಾಗಿ ಬೆವರು ಹರಿಸಿದ್ದು ನಾಲ್ಕನೆಯ ನಿಯಮಕ್ಕೆ: ‘ಯಾವುದೇ ವ್ಯಕ್ತಿಯು ತನ್ನ ಸ್ವಂತ ಹೊಲದಲ್ಲಿ ಮಾತ್ರ ಉಣ್ಣತಕ್ಕದ್ದು. ಸ್ವಂತ ಹೊಲವೆಂದರೆ ಪಹಣಿಯಲ್ಲಿ ಸದರಿ ವ್ಯಕ್ತಿಯ ಹೆಸರು ಪಟ್ಟೇದಾರ ಎಂದು ನಮೂದಾಗಿರುವ ಹೊಲ.’ ಸಾಹೇಬರು ಅದನ್ನು ಎರಡು ಸಲ ಓದಿ, ಇದರಲ್ಲಿ ಎಲ್ಲಿಯೂ ತೂತಿಲ್ಲ ಎಂದರು. ನನಗೂ ಹಾಗೇ ಅನ್ನಿಸಿತು.

ಆ ಸಂಜೆ ಊಟಕ್ಕೆ ಕುಳಿತಾಗ ಸುತ್ತೋಲೆಯನ್ನು ಹೆಂಡತಿ ಲೀಲಾಬಾಯಿಗೆ ಓದಿ ಹೇಳಿದೆ. ಹೊಗಳುತ್ತಾಳೆ ಎಂದುಕೊಂಡಿದ್ದೆ. ಅವಳ ಮಡಿಲಲ್ಲಿ ಮಗಳ ಪತ್ರವಿತ್ತು. ವಿಮಲಾಬಾಯಿ ನಮ್ಮ ಒಬ್ಬಳೇ ಮಗಳು. ಮೇ ತಿಂಗಳಲ್ಲಿ ಮದುವೆ ಮಾಡಿ, ಕಾಳಗಿ ರಸ್ತೆಯಲ್ಲಿ ಹೊಲಮನೆ ಇದ್ದವರಿಗೆ ಕೊಟ್ಟಿದ್ದೆವು. ಅತ್ತೆಮನೆಯಲ್ಲಿ ಅವಳಿಗೆ ಇದು ಮೊದಲ ಎಳ್ಳಮಾವಾಸ್ಯೆ. ಅಪ್ಪ-ಅವ್ವ ಬರುತ್ತಾರಲ್ಲ ಎಂದು ಅತ್ತೆ ಎರಡು ಸಲ ಕೇಳಿದ್ದಾರೆ, ಬಂದೇ ಬರುತ್ತಾರೆ ಎಂದು ಹೇಳಿಬಿಟ್ಟಿದ್ದೇನೆ, ನನ್ನ ಮಾತು ಉಳಿಸಿರಿ ಎಂದು ಬರೆದಿದ್ದಳು. ಮೊದಲ ವರ್ಷ ತವರಿನವರು ಹೊಲಕ್ಕೆ ಬರಲಿಲ್ಲವೆಂದರೆ ಸೊಸೆಯಾದವಳು ಏನೇನು ಕೇಳಬೇಕಾಗುತ್ತದೆ ಎಂಬುದು ಲೀಲಾಬಾಯಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

“ಹಂಗಾದ್ರ ನಾವು ವಿಮಲಾನ ಹೊಲದಾಗ ಉಣ್ಣಂಗಿಲ್ಲ,” ಅಂದಳು.

“ಪಹಣ್ಯಾಗ ನಮ್ಮ ಹೆಸರಿಲ್ಲ.”

“ಇದನ್ನ ಬರದವರು ಯಾರ್ರಿ?”

“ಸರಕಾರ.”

“ಅಕ್ಷರ ನಿಮ್ಮವು ಅವ.”

ನಿಯಮ ಮುರಿದು ಹೋಗೋಣವೆಂದರೆ, ಬರೆದವನೇ ಮುರಿದನೆಂಬ ಮಾತು ಬರುತ್ತದೆ. ಇಡೀ ರಾತ್ರಿ ಹೊರಳಾಡಿ ಬೆಳಿಗ್ಗೆ ಒಂದು ದಾರಿ ಕಂಡುಕೊಂಡೆ. ಒಂಬತ್ತನೆಯ ನಿಯಮದಂತೆ ತಪಾಸಣಾಧಿಕಾರಿಯು ಯಾರ ಹೊಲಕ್ಕಾದರೂ ಹೋಗಬಹುದು, ಆದರೆ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಕಾಳಗಿ ರಸ್ತೆಯ ತಪಾಸಣೆಗೆ ನನ್ನ ಹೆಸರನ್ನು ನಾನೇ ಬರೆದುಕೊಂಡು ಸಾಹೇಬರ ಸಹಿ ಹಾಕಿಸಿದೆ. ಲೀಲಾಬಾಯಿಯನ್ನು ನೇಮಿಸಲು ಅವಕಾಶವಿರಲಿಲ್ಲ. ಅವಳು ಶೇಂಗಾ ಹೋಳಿಗೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಮಗಳಿಗೆ ಮುಖವನ್ನಾದರೂ ತೋರಿಸಿ ಬರ್ರಿ ಎಂದಳು.

ನನ್ನ ಜೊತೆಗೆ ಜವಾನ ಬಾಬುಮಿಯಾ ಬಂದರು. ಅವರಿಗೆ ನನಗಿಂತ ಎರಡು ವರ್ಷ ವಯಸ್ಸು ಹೆಚ್ಚು. ಆಗ ರಮಜಾನಿನ ಕೊನೆಯ ದಿನಗಳು, ಸೂರ್ಯ ಮುಳುಗುವವರೆಗೆ ಅವರು ನೀರನ್ನೂ ಮುಟ್ಟುವವರಲ್ಲ. ತಪಾಸಣೆಗೆ ಇಂಥ ಸಿಬ್ಬಂದಿಯೇ ಬೇಕು ಎಂದು ಸಾಹೇಬರು ಸಂತೋಷಪಟ್ಟರು. ಆದೇಶದಲ್ಲಿ ಅವರ ಹುದ್ದೆಯನ್ನು ‘ಟೇಪು ಹಿಡಿಯುವವರು’ ಎಂದು ನಮೂದಿಸಲಾಯಿತು. ಎರಡು ಸೈಕಲ್ಲು, ಒಂದು ಟೇಪು, ಒಂದು ರಿಜಿಸ್ಟರು ಮತ್ತು ಪಹಣಿಯ ನಕಲು ಹಿಡಿದು ಹೊರಟೆವು.

ಮೊದಲನೆಯ ಹೊಲದಲ್ಲಿ ಹನ್ನೊಂದು ಜನ ತೊಗರಿಯ ಸಾಲಿನಲ್ಲಿ ಕುಳಿತಿದ್ದರು. ಪಹಣಿಯಲ್ಲಿದ್ದ ಹೆಸರು ಅವರ ಅಜ್ಜನದು. ಅಜ್ಜ ರಜಾಕಾರರ ಗದ್ದಲಕ್ಕಿಂತ ಮೊದಲೇ ತೀರಿಕೊಂಡಿದ್ದ. ಎರಡನೆಯ ಹೊಲದಲ್ಲಿ ಹೆಸರಿದ್ದವನು ಸತ್ತು ಒಂಬತ್ತು ವರ್ಷ. ಮೂರನೆಯದರಲ್ಲಿ ಅಣ್ಣತಮ್ಮಂದಿರಿಬ್ಬರ ಹೆಸರಿತ್ತು, ಇಬ್ಬರೂ ಇಲ್ಲ. ಹೆಂಗಸರ ಹೆಸರಂತೂ ಎಲ್ಲಿಯೂ ಇರಲಿಲ್ಲ, ಅವರು ಅಡುಗೆ ಮಾಡಿದ್ದರು ಅಷ್ಟೇ. ಐದನೆಯ ಹೊಲಕ್ಕೆ ಬರುವ ಹೊತ್ತಿಗೆ ನನಗೆ ಪರಿಸ್ಥಿತಿ ಸ್ಪಷ್ಟವಾಯಿತು. ನಮ್ಮ ತಾಲೂಕಿನಲ್ಲಿ ಪಟ್ಟೇದಾರ ಸತ್ತರೆ ಮಕ್ಕಳು ವಾರಸಾ ಅರ್ಜಿ ಕೊಡುತ್ತಾರೆ, ಆ ಅರ್ಜಿಯನ್ನು ನನ್ನ ಕುರ್ಚಿಯ ಹಿಂದಿನ ಕಪಾಟಿನಲ್ಲಿ ಇಡಲಾಗುತ್ತದೆ, ಆ ಕಪಾಟಿನ ಕೀಲಿಕೈ ಅರವತ್ತೊಂದನೆಯ ಇಸವಿಯಿಂದ ಸಿಕ್ಕಿಲ್ಲ. ಕೆಳಗಿನ ಸಂದಿಯಿಂದ ಅರ್ಜಿ ಒಳಗೆ ತೂರಿಸಬಹುದು, ಹೊರಗೆ ತೆಗೆಯಲು ಬರುವುದಿಲ್ಲ. ಹೀಗಾಗಿ ನನ್ನ ಸುತ್ತೋಲೆಯ ಪ್ರಕಾರ ಆ ದಿನ ಭಜ್ಜಿ ಉಣ್ಣುವ ಹಕ್ಕಿದ್ದವರೆಲ್ಲ ಹೆಚ್ಚುಕಡಿಮೆ ಸತ್ತವರೇ.

ಬೀಗರ ಹೊಲ ಮುಟ್ಟಿದಾಗ ಹೊತ್ತು ನೆತ್ತಿಯ ಮೇಲಿತ್ತು. ಬನ್ನಿ ಮರದ ಕೆಳಗೆ ಪೂಜೆ ಮುಗಿಸಿ, ಎಲೆ ಹಾಕಿ, ನಮಗಾಗಿ ಕಾದಿದ್ದರು. ವಿಮಲಾ ನನ್ನನ್ನು ಕಂಡು ಓಡಿಬಂದಳು. ನಾನು ಕೈ ಎತ್ತಿದೆ. ಬಾಬುಮಿಯಾ ಅಳತೆ ಮಾಡಿ, ಹತ್ತು ಅಡಿಗೆ ಒಂದು ಮಣ್ಣಿನ ಹೆಂಟೆ ಇಟ್ಟರು. ಅವಳು ಆ ಹೆಂಟೆಯ ಆಚೆ ನಿಂತಳು. ಏಳು ತಿಂಗಳ ಮೇಲೆ ನೋಡುತ್ತಿದ್ದೆ, ತುಸು ಬಡವಾಗಿದ್ದಳು. ಅವಳ ತಲೆಯ ಮೇಲೆ ಕೈಯಿಡಬೇಕೆಂದು ಬಹಳ ಅನ್ನಿಸಿತು. ಡಬ್ಬಿಯನ್ನು ಹೆಂಟೆಯ ಹತ್ತಿರ ಇಟ್ಟು ಹಿಂದೆ ಸರಿದೆ.

ಬೀಗತಿ ಸೀತಾಬಾಯಿಯವರು, ಬರ್ರಿ ಕುಂದ್ರಿ ಎಂದು ಕರೆದರು. ಒಂದನೆಯ ಸಲ ಎಂದು ಬರೆದುಕೊಂಡೆ. ಆಮೇಲೆ ಪಹಣಿ ಓದಿದೆ. ಸರ್ವೆ ನಂಬರ್ ನಲವತ್ತಮೂರು, ಪಟ್ಟೇದಾರರು ರಾಘವೇಂದ್ರರಾವ.

“ನಮ್ಮ ಮಾವನವರು ತೀರಕೊಂಡು ಹದಿನೇಳು ವರ್ಷ ಆತ್ರಿ,” ಅಂದರು ಸೀತಾಬಾಯಿ.

ಕಾಗದದಲ್ಲಿ ಅವರಿನ್ನೂ ಇದ್ದಾರೆ, ಉಣ್ಣುವುದಿದ್ದರೆ ಅವರೇ ಉಣ್ಣಬೇಕು ಎಂದು ತಿಳಿಸಿದೆ. ಅಳಿಯ ಕೈಯಲ್ಲಿದ್ದ ರೊಟ್ಟಿಯನ್ನು ಎಲೆಯ ಮೇಲಿಟ್ಟ. ಭಜ್ಜಿ ಆರುತ್ತಿತ್ತು. ಎಲ್ಲರೂ ನನ್ನನ್ನು ನೋಡುವುದು ಬಿಟ್ಟು ವಿಮಲಾಳನ್ನು ನೋಡತೊಡಗಿದರು. ಬಂದೇ ಬರುತ್ತಾರೆ ಎಂದು ಅವಳು ಹೇಳಿದ ತಂದೆ ಬಂದಿದ್ದ, ಬಂದು ಹಬ್ಬದ ಎಲೆಯ ಮುಂದಿನಿಂದ ಜನರನ್ನು ಎಬ್ಬಿಸುತ್ತಿದ್ದ. ನನಗೆ ನಾಚಿಕೆಯಾಯಿತು. ಆದರೂ ಕೈ ತಾನಾಗಿಯೇ ರಿಜಿಸ್ಟರು ಬಿಚ್ಚಿ, ‘ಊಟಕ್ಕೆ ಅರ್ಹರು: ಯಾರೂ ಹಾಜರಿಲ್ಲ’ ಎಂದು ಬರೆಯಲು ಹೊರಟಿತ್ತು. ಆಗ ವಿಮಲಾ ಹೆಂಟೆಯ ಆಚೆಯಿಂದ ಮೆಲ್ಲಗೆ ಮಾತಾಡಿದಳು.

“ಅಪ್ಪಾ, ಸಾಹೇಬ್ರು ಇಲ್ಲದಾಗ ಅವರ ಪರವಾಗಿ ನೀವು ಸಹಿ ಮಾಡ್ತೀರಲ್ಲಾ? ಹಂಗೇ ಇವರು ಅಜ್ಜನ ಪರವಾಗಿ ಉಣ್ಣಲಿ.”

ಇಪ್ಪತ್ತಾರು ವರ್ಷದ ಸೇವೆಯಲ್ಲಿ ನನಗೆ ಇಂಥದೊಂದು ಹೊಳೆದಿರಲಿಲ್ಲ. ಅಲ್ಲಿಯೇ ಬದುವಿನ ಮೇಲೆ ಕುಳಿತು ನಿಯಮ ನಾಲ್ಕು-ಅ ಬರೆದೆ: ‘ಪಟ್ಟೇದಾರನು ಮೃತನಾಗಿದ್ದಲ್ಲಿ ಅವನ ಮನೆಯವರು ಅವನ ಪರವಾಗಿ ಉಣ್ಣಬಹುದು. ಉಂಡವನು ಪಟ್ಟೇದಾರನೆಂದೇ ದಾಖಲಾಗತಕ್ಕದ್ದು.’ ಆಮೇಲೆ ಏಳು ಜನ ಉಂಡರು. ರಿಜಿಸ್ಟರಿನಲ್ಲಿ ಒಂದೇ ಸಾಲು ಬಿತ್ತು: ಶ್ರೀ ರಾಘವೇಂದ್ರರಾವ, ಉಂಡರು, ರೊಟ್ಟಿ ಇಪ್ಪತ್ತೆರಡು, ಕೆಮ್ಮು ಇಲ್ಲ.

ವಿಮಲಾ ಒಂದು ಎಲೆಗೆ ಭಜ್ಜಿ, ಕಡುಬು ಬಡಿಸಿಕೊಂಡು ಹೆಂಟೆಯ ಹತ್ತಿರ ಬಂದು ನಿಂತಳು.

“ನೀವೂ ಅಜ್ಜನ ಪರವಾಗಿ ಉಣ್ರಿ ಅಪ್ಪಾ.”

“ನಾ ಮನಿಯವ ಅಲ್ಲವ್ವಾ. ತಪಾಸಣಿ ಮ್ಯಾಲ ಬಂದೀನಿ.”

ಅವಳು ಇನ್ನೂ ಒಂದು ಸಲ ಕರೆದಳು. ಬೀಗತಿಯವರದೂ ಸೇರಿ ಅಲ್ಲಿಗೆ ಮೂರಾಯಿತು. ನಾಲ್ಕನೆಯ ಸಲ ಕರೆಯಬಾರದೆಂದು ಅವಳಿಗೂ ಗೊತ್ತಿತ್ತು, ಸುತ್ತೋಲೆಯನ್ನು ಅವಳ ಊರಿನ ಚಾವಡಿಗೂ ಹಚ್ಚಿದ್ದೆವು. ಎಲೆಯನ್ನು ಹಾಗೇ ಹಿಡಿದು ತಿರುಗಿ ಹೋದಳು.

ಸೂರ್ಯ ಮುಳುಗಿದಾಗ ನಾವು ರಸ್ತೆಯ ಮೇಲಿದ್ದೆವು. ಬಾಬುಮಿಯಾ ಸೈಕಲ್ ನಿಲ್ಲಿಸಿ, ನೀರು ಕುಡಿದು ರೋಜಾ ಬಿಟ್ಟು, ವಿಮಲಾ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದರು. ಇಬ್ಬರಿಗಾಗುವಷ್ಟಿತ್ತು.

“ಬರ್ರಿ ರಾವಸಾಬ್. ಮಗಳು ನಿಮ್ಮ ಸಲವಾಗೇ ಹೆಚ್ಚಿಗಿ ಕಟ್ಯಾಳ.”

ರಸ್ತೆಯು ಹೊಲದ ವ್ಯಾಖ್ಯೆಯಲ್ಲಿ ಬರುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ ಎಂದು ಸುತ್ತೋಲೆ ತೆಗೆದೆ. ಬೆಳಕು ಸಾಲಲಿಲ್ಲ. ಬಾಬುಮಿಯಾ ಸ್ವಲ್ಪ ಹೊತ್ತು ಕಾದು, ಉಂಡು, ನನ್ನ ಪಾಲನ್ನು ಮತ್ತೆ ಕಟ್ಟಿ ನನ್ನ ಸೈಕಲ್ಲಿಗೆ ತೂಗುಹಾಕಿದರು. ಅದನ್ನು ಮನೆಗೆ ಒಯ್ದೆ. ಲೀಲಾಬಾಯಿ ತಪಾಸಣಾಧಿಕಾರಿಯಲ್ಲ, ಆದ್ದರಿಂದ ಅವಳು ಉಂಡಳು. ಮೆಂತ್ಯ ಸ್ವಲ್ಪ ಹೆಚ್ಚಾಗಿದೆ, ಆದರೂ ಹುಡುಗಿಯ ಕೈ ಚೊಲೋ ಇದೆ ಎನ್ನುತ್ತ ಕಣ್ಣೊರೆಸಿಕೊಂಡಳು. ನಾನು ನೋಡುತ್ತ ಕುಳಿತಿದ್ದೆ.

ಜನವರಿಯಲ್ಲಿ ಇಡೀ ತಾಲೂಕು ಕೆಮ್ಮಿತು. ಮೂವತ್ತೊಂದು ಹೊಲ ಸುತ್ತಿಬಂದ ನಾನು ಇಪ್ಪತ್ತು ದಿನ ಹಾಸಿಗೆ ಹಿಡಿದೆ. ಎದ್ದುಬಂದ ಮೇಲೆ ವರದಿ ತಯಾರಿಸಿದೆ. ನಾಲ್ಕು-ಅ ನಿಯಮವನ್ನು ಅಷ್ಟರಲ್ಲಿ ಎಲ್ಲ ಹಳ್ಳಿಗಳಿಗೂ ಹಿಂದಿನ ತಾರೀಖಿನಿಂದ ಅನ್ವಯಿಸಲಾಗಿತ್ತು. ರಿಜಿಸ್ಟರುಗಳ ಪ್ರಕಾರ ಹಬ್ಬದ ದಿನ ಹೊಲಗಳಲ್ಲಿ ಉಂಡವರು ಒಟ್ಟು ನಾಲ್ಕು ಸಾವಿರದ ಇನ್ನೂರ ಹದಿನೆಂಟು ಪಟ್ಟೇದಾರರು. ಜ್ವರ ಬಂದವರ ಪಟ್ಟಿಯಲ್ಲಿ ಇವರದೊಂದೂ ಹೆಸರಿರಲಿಲ್ಲ.

“ಒಬ್ಬರಿಗೂ ಬಂದಿಲ್ವೇನ್ರೀ?” ಸಾಹೇಬರಿಗೆ ನಂಬಲಾಗಲಿಲ್ಲ.

“ಬರೂ ಸ್ಥಿತಿಯೊಳಗ ಯಾರೂ ಇಲ್ರಿ ಸಾಹೇಬ್ರ.”

ಮೇಲಿನಿಂದ ಪ್ರಶಂಸಾ ಪತ್ರ ಬಂತು. ಮೃತರು ಹಬ್ಬವನ್ನು ಅತ್ಯಂತ ಸುರಕ್ಷಿತವಾಗಿ ಆಚರಿಸುತ್ತಾರೆಂದು ಸಿದ್ಧವಾಗಿರುವುದರಿಂದ, ಇನ್ನು ಮುಂದೆ ಯಾವುದೇ ಮೃತ ವ್ಯಕ್ತಿಯು ಯಾರ ಹೊಲದಲ್ಲಿಯಾದರೂ ಅತಿಥಿಯಾಗಿ ಉಣ್ಣಬಹುದೆಂದು ನಿಯಮವನ್ನು ಸಡಿಲಿಸಲಾಯಿತು. ಜನ ಇದನ್ನು ಸ್ವಾಗತಿಸಿದರು. ವಾರಸಾ ಅರ್ಜಿ ಕೊಟ್ಟವರು ಒಬ್ಬೊಬ್ಬರಾಗಿ ಬಂದು, ಹಿರಿಯರ ಹೆಸರು ಇದ್ದ ಹಾಗೇ ಇರಲಿ ಎಂದು ಬರೆದುಕೊಟ್ಟರು. ತೊಂದರೆಯಾದದ್ದು ಮಜೀದಸಾಬರಂಥ ನಾಲ್ಕಾರು ರೈತರಿಗೆ ಮಾತ್ರ. ಅವರ ಹೆಸರು ಪಹಣಿಯಲ್ಲಿತ್ತು, ಅವರೂ ಇದ್ದರು, ಹೀಗಾಗಿ ಮನೆಯ ಒಂಬತ್ತು ಜನ ಅವರ ಪರವಾಗಿ ಉಣ್ಣಲು ಬರುತ್ತಿರಲಿಲ್ಲ. ತಮ್ಮನ್ನು ಮೃತರೆಂದು ನಮೂದಿಸಬೇಕೆಂದು ಮಜೀದಸಾಬರು ಖುದ್ದಾಗಿ ಅರ್ಜಿ ತಂದರು. ಅದನ್ನು ಅದೇ ದಿನ ಮಂಜೂರು ಮಾಡಿದೆವು, ಅವರು ಕಚೇರಿಯವರಿಗೆಲ್ಲ ಚಹಾ ಕುಡಿಸಿ ಹೋದರು.

ಮರುವರ್ಷ ಜ್ವರದ ಸುದ್ದಿಯೇ ಇರಲಿಲ್ಲ. ಸುತ್ತೋಲೆಯನ್ನು ರದ್ದು ಮಾಡಬೇಕಾದರೆ ಜ್ವರ ಹೋಯಿತೆಂದು ವರದಿ ಬೇಕು. ಉಂಡವರಿಗೆ ಬಂದೇ ಇಲ್ಲವೆಂದು ನಾವು ಪ್ರಶಂಸೆ ಪಡೆದ ಜ್ವರವನ್ನು ಹೋಯಿತೆಂದು ಬರೆಯುವುದು ಹೇಗೆಂದು ಸಾಹೇಬರು ಕೇಳಿದರು. ಅದೂ ಸರಿಯೇ ಆಗಿತ್ತು.

ಎಳ್ಳಮಾವಾಸ್ಯೆಗೆ ಹದಿನೈದು ದಿನವಿದ್ದಾಗ ಅಂಚೆಯಲ್ಲಿ ಒಂದು ಅರ್ಜಿ ಬಂತು. ನಮೂನೆಯ ಪ್ರಕಾರ, ಎಡಗಡೆ ಅಂಚು ಬಿಟ್ಟು, ವಿಷಯ, ಉಲ್ಲೇಖ ಎಲ್ಲ ಹಾಕಿ ಬರೆದದ್ದು. ಅರ್ಜಿದಾರಳು ವಿಮಲಾಬಾಯಿ. ಸರ್ವೆ ನಂಬರ್ ನಲವತ್ತಮೂರರಲ್ಲಿ ತನ್ನ ತಂದೆಗೆ ಒಂದು ಹೊತ್ತು ಉಣ್ಣಲು ಅನುಮತಿ ಕೊಡಬೇಕು, ಹೋದ ವರ್ಷ ಅವರು ಉಪವಾಸ ಹೋದದ್ದು ತನ್ನ ಮನಸ್ಸಿನಿಂದ ಹೋಗಿಲ್ಲ ಎಂದು ಕೋರಿದ್ದಳು. ಆ ಸಾಲನ್ನು ನಾಲ್ಕೈದು ಸಲ ಓದಿದೆ. ಆಮೇಲೆ ಲೇಖನಿ ತೆಗೆದುಕೊಂಡು ಅಂಚಿನಲ್ಲಿ ಬರೆದೆ: ‘ಪರಿಶೀಲಿಸಲಾಯಿತು. ಅರ್ಜಿದಾರಳ ತಂದೆಯು ಇನ್ನೂ ಜೀವಂತ ಇರುವುದರಿಂದ ಈ ಕೋರಿಕೆಯನ್ನು ಮನ್ನಿಸಲು ಬರುವುದಿಲ್ಲ.’ ಕೆಳಗೆ ಸಹಿ ಮಾಡಿದೆ. ಬಾಬುಮಿಯಾ ನನ್ನ ಮುಖ ನೋಡಿ ಮೊಹರು ಹೊಡೆದರು.

ಎಂಟು ದಿನಕ್ಕೆ ಉತ್ತರ ಬಂತು. ತಮ್ಮ ಆದೇಶ ಮುಟ್ಟಿತು, ನಿಯಮ ಅರ್ಥವಾಯಿತು, ಸದರಿ ಅಡಚಣೆ ತಾನಾಗಿ ನಿವಾರಣೆಯಾಗುವವರೆಗೆ ಕಾಯಲು ಸಿದ್ಧಳಿದ್ದೇನೆ, ಆ ದಿನ ತಂದೆಯ ಎಲೆಗೆ ಮೊದಲು ಬಡಿಸುತ್ತೇನೆ ಎಂದು ಬರೆದಿದ್ದಳು. ಲೀಲಾಬಾಯಿ ಓದಿ, ಮಗಳು ತಂದೆಯನ್ನೇ ಹೋಲುತ್ತಾಳೆ ಎಂದಳು. ಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ. ಅದನ್ನು ಕಡತಕ್ಕೆ ಹಚ್ಚಿ, ‘ಬಾಕಿ’ ಎಂದು ಬರೆದಿಟ್ಟೆ.