ಟವೆಲ್ಲಿನ ಕೆಳಗಿನ ಸಂಸಾರ

ಸಿಂದಗಿಯ ದನದ ಸಂತೆಯಲ್ಲಿ ದಲ್ಲಾಳಿ ಗುರಲಿಂಗಪ್ಪನವರ ಬೆರಳಿಗೆ ಇದ್ದಷ್ಟು ಕೆಲಸ ಅವರ ಕಿವಿಗೆ ಎಂದೂ ಇರಲಿಲ್ಲ. ಅಲ್ಲಿ ವ್ಯವಹಾರವೆಲ್ಲ ಟವೆಲ್ಲಿನ ಕೆಳಗೆ. ಎತ್ತಿನ ಯಜಮಾನನ ಕೈಮೇಲೆ ಟವೆಲ್ ಮುಚ್ಚಿ, ಒಳಗೊಳಗೇ ಬೆರಳು ಹಿಡಿದು ಒತ್ತಿದರೆ ದರ ಕೇಳಿದಂತೆ. ಅವನು ತಿರುಗಿ ಒತ್ತಿದರೆ ಉತ್ತರ. ಸುತ್ತ ನೂರು ಮಂದಿ ನಿಂತಿದ್ದರೂ ಒಬ್ಬನಿಗೂ ಗುಟ್ಟು ಗೊತ್ತಾಗುವುದಿಲ್ಲ. ಹೀಗೆ ನಲವತ್ತು ವರ್ಷ ಬೆರಳಿನಲ್ಲೇ ಬದುಕಿದ ಮನುಷ್ಯನ ಕಿವಿ ಯಾವಾಗ ಮಂದವಾಯಿತೋ, ಸಂತೆಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ.

ತಿಳಿದದ್ದು ಹೆಂಡತಿ ಶೇವಂತೆವ್ವನ ಗಂಟಲಿಗೆ. ವರ್ಷ ವರ್ಷಕ್ಕೂ ಏರುತ್ತ ಹೋದ ಆಕೆಯ ದನಿ ಈಗ ಬಸ್ ಸ್ಟ್ಯಾಂಡಿನ ಮೈಕಿಗೆ ಪೈಪೋಟಿ ಕೊಡುತ್ತಿತ್ತು. ಮನೆಯಲ್ಲಿ ಇವತ್ತು ಯಾವ ಪಲ್ಯ, ಯಾರ ಮೊಣಕಾಲು ನೋವು, ಎಲ್ಲವೂ ಓಣಿಗೆ ಬಹಿರಂಗ. (ಗುರಲಿಂಗಪ್ಪನವರ ಸಿದ್ಧಾಂತವೇ ಬೇರೆ. ಈಗಿನ ಮಂದಿಗೆ ಬಾಯಿಬಿಚ್ಚಿ ಮಾತಾಡುವ ತಾಕತ್ತಿಲ್ಲ, ಎಲ್ಲರೂ ಗುಣುಗುಣು ಅನ್ನುತ್ತಾರೆ, ಅಷ್ಟೇ.)

ಒಂದು ಮುಂಜಾನೆ ಶೇವಂತೆವ್ವ ಎಂದಿನಂತೆ ಕೂಗಿದಳು. "ಏನ್ರೀ, ಹೊಟ್ಟಿ ಸಾಫ್ ಆತೇನ್ರಿ?"

ಮೂರು ಸಲ ಕೂಗಿದಳು. ನಾಲ್ಕನೆಯ ಸಲಕ್ಕೆ ಗೋಡೆಯಾಚೆಯಿಂದ ಪಕ್ಕದ ಮನೆಯ ಶಮ್ಶುನ್ನೀಸಾಳ ದನಿ ಬಂತು. "ಆಗೈತಿ ಬಿಡ ಅಕ್ಕಾ, ಮಾಮಾ ಈಗರ ಹಾಡಕೋತ ಹೊರಗ ಬಂದ್ರು!"

ಆ ವಾರದ ಸಂತೆಯಲ್ಲಿ ಗುರಲಿಂಗಪ್ಪನವರು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದಾಗ ಯಾರೋ ಕಿವಿಗೇ ಬಾಯಿಟ್ಟು, "ದಲ್ಲಾಳಿಗಳ, ಹೊಟ್ಟಿ ಈಗ ಹ್ಯಾಂಗೈತ್ರಿ?" ಎಂದು ವಿಚಾರಿಸಿದರು. ದುರ್ದೈವಕ್ಕೆ ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮನೆಗೆ ಬಂದವರೇ ಕೆಂಡವಾದರು. "ನನ್ನ ಮರ್ಯಾದಿ ಹರಾಜಿಗಿ ಇಟ್ಟಿಯಲ್ಲಾ! ಹಂಗ ಯಾಕ ಒದರ್ತಿ? ನನ್ನ ಕಿವಿ ಗಟ್ಟಿಮುಟ್ಟ ಅದಾವು!"

"ಅದಾವಂದ್ರ ಒಮ್ಮಿ ಡಾಕ್ಟರಿಗಿ ತೋರಸ್ರಿ. ಬಾಗೇವಾಡಿ ಮಗಳು ವರ್ಷಾತು, ಬಡಕೊಳ್ಳಾಕತ್ತಾಳ."

"ಕಿವಿಗಿ ಮಿಷನ್ ಹಚಗೊಂಡು ಅಡ್ಡಾಡಾಕ ನಾ ಏನ್ ಮುದುಕನ? ಇನ್ನಮ್ಯಾಲ ನೀ ಬಾಯೇ ತೆರೀಬ್ಯಾಡ!"

ಶೇವಂತೆವ್ವ ತೆರೆಯಲಿಲ್ಲ. ಆ ಸಂಜೆ ಗುರಲಿಂಗಪ್ಪನವರು ಹೊರಸಿನ ಮೇಲೆ ಕುಳಿತಿದ್ದಾಗ ಅವರ ಹೆಗಲ ಟವೆಲ್ಲನ್ನೇ ಎಳೆದು ಅವರ ಕೈಮೇಲೆ ಮುಚ್ಚಿದಳು. ಒಳಗೆ ಒಂದು ಬೆರಳು ಒತ್ತಿದಳು. ಹಿಂದೆಯೇ ಚಹಾ ಬಂತು. ಎರಡು ಬೆರಳೆಂದರೆ ಊಟ, ಮೂರೆಂದರೆ ಜಳಕಕ್ಕೆ ನೀರು. ಐದೂ ಬೆರಳು ಸೇರಿಸಿ ಲಟಲಟ ಅನ್ನಿಸಿದರೆ ಸಿಟ್ಟು ಬಂದಿದೆ ಎಂದು ಅರ್ಥ.

ಮೊದಲ ಎಂಟು ದಿನ ಗುರಲಿಂಗಪ್ಪನವರು ಮಹಾರಾಜರಂತೆ ಇದ್ದರು. ಆಮೇಲೆ ಕಸಿವಿಸಿ ಶುರುವಾಯಿತು. ಯಾರ ಎಮ್ಮೆ ಈಯಿತು, ಯಾರ ಮಗಳು ಮುನಿಸಿಕೊಂಡು ತವರಿಗೆ ಬಂದಳು, ಬಾಗೇವಾಡಿಯ ಮೊಮ್ಮಗನಿಗೆ ಹಲ್ಲು ಬಂತೋ ಇಲ್ಲವೋ, ಇವಕ್ಕೆಲ್ಲ ಬೆರಳೇ ಇರಲಿಲ್ಲ. ಕ್ಷೌರದ ಅಂಗಡಿಯ ಬೆಂಚನ್ನು ಅವರು ಬಿಟ್ಟು ವರ್ಷವಾಗಿತ್ತು. ಅಲ್ಲಿ ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾವೊಬ್ಬರೇ ನಗಬೇಕಾಗುತ್ತಿತ್ತು. ನಾಲ್ಕು ರೊಟ್ಟಿ ಎರಡಕ್ಕೆ ಇಳಿಯಿತು. ಮಧ್ಯಾಹ್ನವಾದರೆ ತಲೆ ಭಾರ. ಒಂದು ದಿನ ಹಿಂದಿನಿಂದ ಬಂದ ಮೋಟರ್ ಸೈಕಲ್ಲಿನ ಹಾರ್ನ್ ಕೇಳಿಸದೆ ರಸ್ತೆಯ ಬದಿಗೆ ಉರುಳಿಬಿದ್ದರು. ಧೂಳು ಕೊಡವಿಕೊಂಡು ಎದ್ದಾಗ, ಇಷ್ಟು ದೊಡ್ಡ ಊರಿನಲ್ಲಿ ನಾನೊಬ್ಬನೇ ಇದ್ದೇನಲ್ಲ ಅನ್ನಿಸಿ ಅಳು ಬಂತು. ಆಕೆ ಮಾತಾಡಿದರೆ ಸಾಕು, ಬೈದರೂ ಸಾಕು ಅನ್ನಿಸಿತು.

ಒಂದೇ ಸಮಾಧಾನವಿತ್ತು. ಊಟಕ್ಕೆ ಬಡಿಸುವಾಗ ಶೇವಂತೆವ್ವನ ಮುಖದಲ್ಲಿ ನಗು ಇರುತ್ತಿತ್ತು, ತುಟಿ ಮೆಲ್ಲಗೆ ಅಲುಗುತ್ತಿತ್ತು. ಮೌನವ್ರತ ಹಿಡಿದ ಮೇಲೆ ಆಕೆಗೆ ಭಕ್ತಿ ಹೆಚ್ಚಿದೆ, ಶಿವನಾಮ ಜಪಿಸುತ್ತಾಳೆ ಎಂದುಕೊಂಡು ಗುರಲಿಂಗಪ್ಪನವರೂ ಪ್ರತಿ ತುತ್ತಿಗೆ ಕೈಮುಗಿದು "ಹೂಂ, ಹೂಂ" ಎನ್ನುತ್ತಿದ್ದರು.

ಕೊನೆಗೆ ಎತ್ತು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಬಸವನ ಬಾಗೇವಾಡಿಯ ಬಸ್ಸು ಹತ್ತಿದರು. ಮಗಳು ಕಾವೇರಿ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು.

"ಯಜಮಾನ್ರ, ಮಂದಿ ಏನಂದ್ರು ಅಂತ ಹಿಡಿಯೂದ್ರಾಗ ನಿಮ್ಮ ತಲಿ ದಣದ ಹೋಗೈತ್ರಿ," ಎಂದರು ಡಾಕ್ಟರು, ಕಿವಿಗೆ ಮಿಷನ್ ಕೂಡಿಸಿದ ಮೇಲೆ. "ಅದಕ್ಕ ಮಂದೀನ್ನೂ ಬಿಟ್ರಿ, ಊಟಾನೂ ಬಿಟ್ರಿ. ಕಿವಿ ಒಂದ ಕೆಟ್ರ ಕಿವಿ ಅಷ್ಟ ಕೆಡೂದಿಲ್ಲ."

ಈ ಮಾತಿಗೂ ಮೊದಲು ಕೇಳಿಸಿದ್ದು ಫ್ಯಾನಿನ ಸದ್ದು, ಆಮೇಲೆ ಕಾವೇರಿಯ ಬಳೆ. ಮರುದಿನ ಬಸ್ಸಿನ ಕಿಟಕಿಗಳು ಸಿಂದಗಿಯವರೆಗೂ ಗಡಗಡ ಅಂದದ್ದನ್ನು ಗುರಲಿಂಗಪ್ಪನವರು ಸಂಗೀತ ಕಚೇರಿಯಂತೆ ತಲೆದೂಗುತ್ತ ಕೇಳಿದರು. ಮಿಷನ್ ಕಾಣದಂತೆ ರುಮಾಲನ್ನು ಕಿವಿಯ ಮೇಲೆ ಇಳಿಸಿ ಕಟ್ಟಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದರು. ಹೆಂಡತಿಯ ಶಿವನಾಮವನ್ನು ಕಳ್ಳತನದಲ್ಲಿ ಒಮ್ಮೆ ಕೇಳಿ, ಆಮೇಲೆ ಆಕೆಯನ್ನು ಬೆರಗುಗೊಳಿಸುವ ಆಸೆ ಅವರದು.

ಶೇವಂತೆವ್ವ ರೊಟ್ಟಿ, ಝುಣಕ ಹಿಡಿದು ಬಂದಳು. ಅದೇ ನಗು. ತುಟಿ ಅಲುಗಿತು.

"ಉಣ್ರಿ, ಉಣ್ರಿ, ನನ್ನ ಮೊಂಡ ಎತ್ತ. ಕಿವಿ ಇಲ್ಲ, ಕೋಡ ಅಷ್ಟ ಅದಾವು. ನಲವತ್ತ ವರ್ಷ ನನ್ನ ಜೀವಾ ತಿಂದ್ರಿ, ರೊಟ್ಟಿ ತಿನ್ನಾಕ ಏನ್ ಧಾಡಿ? ಹಾಕ್ಲೇನ್ರಿ ಇನ್ನೊಂದ?"

ಗುರಲಿಂಗಪ್ಪನವರ ಕೈಗಳು ರೂಢಿಯಂತೆ ಆಗಲೇ ಮುಗಿದಿದ್ದವು. ತಾವಿಷ್ಟು ದಿನ "ಹೂಂ" ಎಂದದ್ದು ಇದಕ್ಕೆ!

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ದನಿ ಎಷ್ಟು ಮೆತ್ತಗಿತ್ತು! ಕೂಗಾಟದ ಅಡಿಯಲ್ಲಿ ಸಿಕ್ಕು ಹತ್ತು ವರ್ಷದಿಂದ ಅವರು ಕೇಳಿರದ, ಮದುವೆಯ ಹೊಸತಿನ ದನಿ ಅದು. ಅವರ ಕಣ್ಣು ತುಂಬಿತು.

"ಹಾಕು," ಎಂದರು, "ಮುಂದ ಬೈಯಿ."

ಶೇವಂತೆವ್ವನ ಕೈಯಲ್ಲಿ ರೊಟ್ಟಿ ನಿಂತೇಬಿಟ್ಟಿತು. ಸರಕ್ಕನೆ ರುಮಾಲು ಸರಿಸಿ ನೋಡಿದಳು. "ಅಯ್ಯ ನನ್ನ ಶಿವನ! ಯಾವತ್ತ ಹಾಕಿಸಿದ್ರಿ?"

"ನಿನ್ನೆ."

"ಹಂಗಾದ್ರ ಇಷ್ಟ ದಿನ ಬೈದದ್ದು?"

"ಒಂದೂ ಕೇಳಿಲ್ಲ."

"ಅಷ್ಟೂ ದಂಡ ಆತೇನ್ರಿ?" ಶೇವಂತೆವ್ವ ಮರುಗಿದಳು. ಆಮೇಲೆ ರೊಟ್ಟಿಯ ಬುಟ್ಟಿ ಬದಿಗಿಟ್ಟು ಎದುರಿಗೆ ಕುಳಿತಳು. "ಇರಲಿ, ಮೊದಲಿಂದ ಹೇಳ್ತೇನಿ."

ಹೇಳಿದಳು. ಬೈಗುಳ ಮುಗಿದು ಎಮ್ಮೆ ಈದದ್ದು, ಎಮ್ಮೆ ಮುಗಿದು ಮೊಮ್ಮಗನ ಹಲ್ಲು. ನಡುವೆ ಗೋಡೆಯಾಚೆಯಿಂದ ಶಮ್ಶುನ್ನೀಸಾ ಗೋಗರೆದಳು. "ಅಕ್ಕಾ, ಸ್ವಲ್ಪ ಜೋರ ಹೇಳ ಬೇ, ನಮಗೇನೂ ಕೇಳವಲ್ದು!"

ಗಂಟೆ ಎರಡಾಯಿತು, ಮೂರಾಯಿತು. ಹೊಸ ಕಿವಿ ಬಿಸಿಯಾಗತೊಡಗಿತು. ಗುರಲಿಂಗಪ್ಪನವರು ತಮ್ಮ ಹಳೆಯ ವಿದ್ಯೆಗೆ ಶರಣಾದರು. ಟವೆಲ್ ಎಳೆದು ಹೆಂಡತಿಯ ಕೈಮೇಲೆ ಮುಚ್ಚಿ, "ದಿನಕ್ಕ ಎಷ್ಟ ತಾಸು ಮಾತು, ಮುಗಿಸಿಬಿಡೂಣು," ಎಂದು ಎರಡು ಬೆರಳು ಒತ್ತಿದರು.

ಶೇವಂತೆವ್ವ ಐದು ಒತ್ತಿದಳು. ಅವರು ಮೂರಕ್ಕೆ ಬಂದರು. ಆಕೆ ನಕ್ಕು, ತನ್ನ ಇನ್ನೊಂದು ಕೈಯನ್ನೂ ಟವೆಲ್ಲಿನ ಕೆಳಗೆ ತೂರಿಸಿದಳು.

ನಲವತ್ತು ವರ್ಷ ಸಂತೆಯಲ್ಲಿ ಯಾರಿಗೂ ಮಣಿಯದ ದಲ್ಲಾಳಿ ಗುರಲಿಂಗಪ್ಪನವರು ಹತ್ತಕ್ಕೆ ಒಪ್ಪಿದರು. ಆಮೇಲೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.