ಒಂದು ರಿಂಗು, ನಾಲ್ಕು ದೀಪ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೇ ಇದೆ. ಚಳ್ಳಕೆರೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು ನಾನು. ಬಾಯಿಮಾತು ಬೇರೆ, ಬರೆದಿಟ್ಟದ್ದು ಬೇರೆ ಎಂದು ಪ್ರತಿವರ್ಷ ಹೊಸ ಹುಡುಗರಿಗೆ ಹೇಳುತ್ತೇನೆ. ವರ್ಷಕ್ಕೊಮ್ಮೆ ಅವರನ್ನು ಸಿದ್ದಾಪುರಕ್ಕೆ ಕರೆದುಕೊಂಡು ಹೋಗಿ ಅಶೋಕನ ಶಾಸನದ ಬಂಡೆಯ ಮುಂದೆ ನಿಲ್ಲಿಸಿ, "ನೋಡ್ರಪ್ಪಾ, ಬರೆದಿಟ್ಟರೆ ಹೀಗೆ ಉಳಿಯುತ್ತದೆ" ಎನ್ನುತ್ತೇನೆ. ಅವರು ಪಕ್ಕದ ಬಂಡೆಯ ಮೇಲಿನ ಮೇಕೆಗಳನ್ನು ನೋಡುತ್ತಿರುತ್ತಾರೆ. ಇರಲಿ. ಎಂ.ಎ. ಓದುವ ಕಾಲದಿಂದಲೂ ನಾನು ದಿನಚರಿ ಬರೆಯುತ್ತಿದ್ದೇನೆ. ಮನೆಯಲ್ಲಿ ಯಾವ ವಾದ ಬಂದರೂ ಎದ್ದು ಹೋಗಿ ಆ ವರ್ಷದ ಪುಸ್ತಕ ತಂದು ಪುಟ ತೆರೆಯುತ್ತೇನೆ. ಹೆಂಡತಿ ಗಿರಿಜಾಗೆ ಈ ಅಭ್ಯಾಸ ಕಂಡರೆ ಆಗುವುದಿಲ್ಲ.

ಹೋದ ವಾರವೂ ಒಂದು ವಾದ ಬಂತು. ಮನೆಗೆ ಬಂದ ನೆಂಟರ ಮುಂದೆ, ನಮ್ಮ ವೈರ್‌ಲೆಸ್ ಇಂಟರ್ನೆಟ್ ಪೆಟ್ಟಿಗೆಯ ರೋಗವನ್ನು ಪತ್ತೆ ಹಚ್ಚಿದವನು ನಾನೇ ಎಂದು ಎಂದಿನಂತೆ ಹೇಳುತ್ತಿದ್ದೆ. ಗಿರಿಜಾ ಕಾಫಿ ಲೋಟ ಇಡುತ್ತಾ, "ಹೌದೌದು, ನೀವೇ" ಎಂದಳು. ಆ 'ಹೌದೌದು' ನನಗೆ ಹಿಡಿಸಲಿಲ್ಲ. ದಿನಚರಿ ತರಲು ಎದ್ದೆ. ಅದರಲ್ಲಿ ಏನಿತ್ತು ಎನ್ನುವ ಮೊದಲು, ಎರಡು ವರ್ಷದ ಹಿಂದೆ ಏನಾಯಿತು ಎಂಬುದನ್ನು ಹೇಳಬೇಕು.

ನಮ್ಮ ಬೀದಿಯಲ್ಲಿ ಮೊದಲು ವೈರ್‌ಲೆಸ್ ಬಂದದ್ದು ನಮ್ಮ ಮನೆಗೆ. ಜೋಡಿಸಲು ಬಂದಾತನನ್ನು ನಾನು ಬಾಗಿಲಲ್ಲೇ ನಿಲ್ಲಿಸಿ, "ಪುಸ್ತಕ ಕೊಟ್ಟಿದಾರಲ್ಲಪ್ಪ, ಓದಿ ನಾನೇ ಹಾಕ್ಕೋತೀನಿ" ಎಂದೆ. ಅವನು ಖುಷಿಯಾಗಿ ಹೋದ. ಓದಿ ಹಾಕಿಯೂ ಹಾಕಿದೆ. ಟೆಲಿಫೋನ್ ತಂತಿಗೆ ಪೆಟ್ಟಿಗೆಯನ್ನು ಸಿಕ್ಕಿಸಿದ್ದೇ ನಾಲ್ಕು ಹಸಿರು ದೀಪಗಳು ಹತ್ತಿದವು. ಎಲ್ಲ ಮುಗಿದ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡದಾದ, ಮೂರು ತೂತಿನ ಒಂದು ಬಿಳಿ ಡಬ್ಬಿ ಉಳಿಯಿತು. ಹೊಸ ಅಂಗಿಯ ಒಳಗೆ ಹೆಚ್ಚುವರಿ ಗುಂಡಿ ಹೊಲಿದಿರುತ್ತಾರಲ್ಲ, ಹಾಗೇ ಇರಬೇಕೆಂದುಕೊಂಡೆ. ಚಳ್ಳಕೆರೆಯ ಗಾಳಿ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ಇಲ್ಲಿ ಕಿಟಕಿ ತೆಗೆದಿಟ್ಟು ದಿನಚರಿ ಬರೆಯಲು ಎರಡು ಕೈ ಸಾಲದು. ಆ ಡಬ್ಬಿಯನ್ನು ದಿನಚರಿಯ ಮೇಲೆ ತೂಕಕ್ಕೆ ಇಟ್ಟೆ. ಬಹಳ ಅನುಕೂಲವಾಯಿತು.

ಮೊದಲೆರಡು ದಿನ ಬೀದಿಯವರಿಗೆಲ್ಲ ಪ್ರದರ್ಶನ. ಎದುರಿನ ಶೇಂಗಾ ಎಣ್ಣೆ ಮಿಲ್ಲಿನ ರುದ್ರಪ್ಪನವರು ಲ್ಯಾಪ್‌ಟಾಪಿನ ಅಡಿಗೆಲ್ಲ ಕೈ ಹಾಕಿ ತಡಕಿ, "ತಂತಿ ಎಲ್ಲೈತ್ರೀ ಮೇಷ್ಟ್ರೇ?" ಎಂದರು. "ಇಲ್ಲ! ಅದೇ ಇದರ ವಿಶೇಷ" ಎಂದೆ. ಆ ವಾಕ್ಯ ಹೇಳುವಾಗಿನ ಸುಖವನ್ನು ನಾನು ಬೇರೆ ಯಾವುದರಲ್ಲೂ ಕಂಡಿಲ್ಲ.

ಮೂರನೆಯ ದಿನದಿಂದ, ಇಂಟರ್ನೆಟ್ ಬರುತ್ತಿದೆ ಎಂದು ತೋರಿಸುವ ಮೂರನೆಯ ದೀಪ ಆರತೊಡಗಿತು. ಇದ್ದಕ್ಕಿದ್ದಂತೆ ಆರುವುದು, ಎರಡು ನಿಮಿಷ ಮಿಣುಕಿ ಮತ್ತೆ ಹತ್ತುವುದು. ಅಷ್ಟರಲ್ಲಿ ನಾನು ಓದುತ್ತಿದ್ದ ಪುಟ ಹೋಗಿರುತ್ತಿತ್ತು. ನಾನೇನು ಸುಮ್ಮನೆ ಕೂತವನಲ್ಲ. ಪೆಟ್ಟಿಗೆಯನ್ನು ಗೋಡೆಯ ಗೂಡಿನಲ್ಲಿಟ್ಟೆ, ಬೀರುವಿನ ಮೇಲಿಟ್ಟೆ, ಅಕ್ಕಿ ಡ್ರಮ್ಮಿನ ಮೇಲಿಟ್ಟೆ. ಅದರ ಕೊಂಬನ್ನು ಟೆಲಿಫೋನ್ ಆಫೀಸಿನ ದಿಕ್ಕಿಗೆ ತಿರುಗಿಸಿದೆ. ಕೊನೆಗೆ ವಿದ್ವಾಂಸನಾದವನು ಮಾಡಬೇಕಾದ್ದನ್ನು ಮಾಡಿದೆ, ದಾಖಲೆ ಇಡತೊಡಗಿದೆ. 'ಬೆಳಿಗ್ಗೆ 8.10, ದೀಪ ಆರಿತು. ಗಿರಿಜಾ ಮಿಕ್ಸಿ ಹಾಕಿದ್ದಳು.' '11.25, ಆರಿತು. ಗಾಳಿ ಜೋರು.' '4.40, ಆರಿತು. ರುದ್ರಪ್ಪನವರ ಮಿಲ್ಲು ಶುರುವಾಗಿತ್ತು.' ಹದಿನೆಂಟು ದಿನ ಹೀಗೆ ಬರೆದೆ. ಗಿರಿಜಾಗೆ ಮಿಕ್ಸಿ ಬಿಟ್ಟು ಒರಳಲ್ಲಿ ರುಬ್ಬಲು ಹೇಳಿದೆ. ಅವಳು ಕೊಟ್ಟ ಉತ್ತರವನ್ನು ದಿನಚರಿಯಲ್ಲಿ ಬರೆದಿಲ್ಲ.

ಇಲ್ಲಿ ನಮ್ಮ ಮನೆಯ ಇನ್ನೊಂದು ವ್ಯವಸ್ಥೆಯನ್ನೂ ಹೇಳಬೇಕು, ಅದೂ ನನ್ನದೇ ಆವಿಷ್ಕಾರ. ಮೊಬೈಲಿಗೆ ಮನೆಯೊಳಗೆ ಸಿಗ್ನಲ್ ಸಿಗದ ಕಾರಣ ಬಂಧುಗಳೆಲ್ಲ ಮನೆಯ ಫೋನಿಗೇ ಮಿಸ್ಡ್ ಕಾಲ್ ಕೊಡುತ್ತಿದ್ದರು. ಅದಕ್ಕೊಂದು ಶಿಸ್ತು ತಂದವನು ನಾನು. ಒಂದು ರಿಂಗು ಬಡಿದು ನಿಂತರೆ 'ಊರು ಮುಟ್ಟಿದೆವು' ಅಥವಾ 'ಏನಾಯ್ತು?' ಎಂದರ್ಥ. ಎರಡಾದರೆ 'ನೀವೇ ಫೋನ್ ಮಾಡಿ'. ಮೂರಾದರೆ ಎತ್ತಬೇಕು. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ನಮ್ಮ ಬಳಗವೆಲ್ಲ ಇದನ್ನು ಪಾಲಿಸುತ್ತಿತ್ತು. ಹಾಗಾಗಿ ನಮ್ಮಲ್ಲಿ ಒಂದು ರಿಂಗು ಎಂದರೆ ಗಡಿಯಾರದ ಟಿಕ್ ಟಿಕ್ ಇದ್ದ ಹಾಗೆ. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಗಿರಿಜಾಳ ತಮ್ಮ ನಾಗರಾಜ ಮೊಳಕಾಲ್ಮೂರಿನಲ್ಲಿ ಮಗ್ಗ ನಡೆಸುತ್ತಾನೆ. ಆ ವರ್ಷ ಅವನು ಒಂದು ಹೊಸ ರೇಷ್ಮೆ ಸೀರೆ ನೇಯ್ದಿದ್ದ. ಅಂಚಿನುದ್ದಕ್ಕೂ ಶೇಂಗಾ ಬಳ್ಳಿ, ಸೆರಗಿನ ತುಂಬ ಜರಿಯ ಶೇಂಗಾ ಕಾಯಿ. ಮಾವು, ನವಿಲು ನೇಯುವ ಊರಲ್ಲಿ ಶೇಂಗಾ ನೇಯ್ದವನನ್ನು ಓಣಿಯವರು ಆಡಿಕೊಂಡು ನಗುತ್ತಿದ್ದರು. ಬೆಂಗಳೂರಿನ ಸೀರೆ ಪ್ರದರ್ಶನವೊಂದಕ್ಕೆ ಅದನ್ನು ಆರಿಸುತ್ತಾರೋ ಇಲ್ಲವೋ, ಫೋಟೋ ನೋಡಿ ಹೇಳುತ್ತಾರಂತೆ. ಒಂದು ಶನಿವಾರ ಸಂಜೆ ಐದರೊಳಗೆ ಹನ್ನೊಂದು ಫೋಟೋ ಇ-ಮೇಲಿನಲ್ಲಿ ಹೋಗಬೇಕು. ಅವನು ತನ್ನೂರಿನ ಸೈಬರ್ ಸೆಂಟರಿಗೆ ಹೊರಟಿದ್ದ. "ಲೇ ನಾಗರಾಜ, ಭಾವನ ಮನೇಲಿ ವೈರ್‌ಲೆಸ್ ಇಟ್ಕೊಂಡು ಸೈಬರ್ ಸೆಂಟರೇನೋ?" ಎಂದೆ. ಪಾಪ, ಶನಿವಾರ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಫೋಟೋಗಳ ಸಿ.ಡಿ. ಕಳಿಸಿದ.

ಹನ್ನೆರಡಕ್ಕೆ ಕೂತೆ. ಅರ್ಧ ಹೋಗುವಷ್ಟರಲ್ಲಿ ದೀಪ ಆರಿತು. ಮತ್ತೆ ಮೊದಲಿಂದ. ಮತ್ತೆ ಆರಿತು. ಎರಡಾಯಿತು, ಮೂರಾಯಿತು. "ಸಿ.ಡಿ. ತಗೊಂಡು ಸೈಬರ್ ಸೆಂಟರಿಗೆ ಹೋಗಿ ಬರ್ರೀ" ಎಂದು ಗಿರಿಜಾ ಮೂರು ಸಲ ಹೇಳಿದಳು. ಮೂರನೆಯ ಸಲ ಅವಳ ಕಣ್ಣಲ್ಲಿ ನೀರಿತ್ತು. "ನಾಕು ತಿಂಗಳು ಮಗ್ಗದ ಗುಂಡೀಲಿ ಕೂತು ನೇಯ್ದಾನೆ ರೀ. ನಿಮ್ಮ ಜಂಬಕ್ಕೆ ಅದು ಹೋಗಬೇಕಾ?"

ಜಂಬ ಎಂಬ ಮಾತು ಚುಚ್ಚಿತು. ನೇರ ರುದ್ರಪ್ಪನವರ ಮಿಲ್ಲಿಗೆ ನಡೆದೆ.

"ಹತ್ತು ನಿಮಿಷ ಮಿಲ್ಲು ನಿಲ್ಲಿಸ್ರಿ" ಎಂದೆ.

"ಮೇಷ್ಟ್ರೇ, ನಿಮ್ಮ ಇಂಟರ್ನೆಟ್ಟಿಗೆ ಎಣ್ಣೆ ಬೇಕಾದ್ರೆ ಒಂದು ಡಬ್ಬ ಕೊಡ್ತೀನಿ. ಮಿಲ್ಲು ನಿಲ್ಸೋದು ಹೆಂಗ್ರೀ?"

ಸೀರೆಯ ವಿಷಯ ಹೇಳಿದೆ. ಶೇಂಗಾ ಎಂದ ಕೂಡಲೇ ಅವರ ಮುಖ ಬದಲಾಯಿತು. "ಶೇಂಗಾ ಕಾಯಿನಾ? ಜರೀಲಾ? ಲೇ, ನಿಲ್ಸ್ರೋ ಮಿಷನ್ನು!" ಎಂದು ಕೂಗಿದರು.

ಹಗಲಿಡೀ ಗಡಗಡಿಸುವ ಮಿಲ್ಲು ನಿಂತದ್ದೇ ತಡ, ಯಾರಾದರೂ ತೀರಿಕೊಂಡರೇನೋ ಎಂದು ಬೀದಿಯವರು ಹೊರಗೆ ಬಂದು ನಿಂತರು. ನಾನು ಓಡಿ ಬಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ಆ ಮೌನದಲ್ಲಿ ಫೋನು ಒಂದೇ ಒಂದು ಸಲ 'ಟ್ರಿಣ್' ಎಂದಿತು. ದೀಪ ಆರಿತು. ನಾನು ತಲೆಯ ಮೇಲೆ ಕೈ ಹೊತ್ತುಕೊಂಡೆ.

ಮೂಲೆಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದ ಅವ್ವ, "ಫೋನು ಬಡ್ಕೊಂಡ್ರೆ ಅದು ಕಣ್ಣು ಮುಚ್ಚತೈತೆ ಕಣಪ್ಪ" ಎಂದಳು.

"ಹಂಗೇನಿಲ್ಲವ್ವ, ಎರಡಕ್ಕೂ ಸಂಬಂಧ ಇಲ್ಲ."

"ಒಂದೇ ತಂತೀಲಿ ಅಲ್ವೇನೋ ಎರಡೂ ಬರೋದು? ಬದುವಿನ ಮ್ಯಾಲೆ ಎರಡು ಎತ್ತು ಎದುರುಬದುರು ಬಂದ್ರೆ ಒಂದು ಹೊಲಕ್ಕಿಳೀಲೇಬೇಕು. ನಾನು ದಿನಾ ನೋಡ್ತಾನೇ ಇದೀನಿ."

ನನ್ನವ್ವ ನನ್ನಿವಾಳ ಹಳ್ಳಿಯ ಹೊಲದಲ್ಲಿ ಬೆಳೆದವಳು, ಶಾಲೆಗೆ ಹೋದವಳಲ್ಲ. ನಾನು ಪೆಟ್ಟಿಗೆಯ ಪುಸ್ತಕಕ್ಕೆ ಕೈ ಹಾಕುವುದರೊಳಗೆ ಗಿರಿಜಾ ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ದೀಪ ಹತ್ತಿತು. ಮತ್ತೆ ಆರಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಹನ್ನೊಂದನೆಯ ಫೋಟೋ ಹೋಯಿತು.

ಆ ದಿನ ಬಂದ ಒಂದೇ ರಿಂಗಿನ ಕರೆಗಳೆಲ್ಲ ಯಾರವೆಂದು ನಿಮಗೆ ಗೊತ್ತಾಗಿರಬೇಕು. ಮೊಳಕಾಲ್ಮೂರಿನಲ್ಲಿ ಕೂತಲ್ಲಿ ಕೂರಲಾರದೆ, 'ಫೋಟೋ ಹೋಯ್ತಾ?' ಎಂದು ನಾಗರಾಜ ಕಾಲು ಗಂಟೆಗೊಂದು ರಿಂಗು ಕೊಡುತ್ತಿದ್ದ. ಕೇಳಿದಾಗಲೆಲ್ಲ ತನ್ನ ಫೋಟೋಗಳನ್ನು ತಾನೇ ನಿಲ್ಲಿಸುತ್ತಿದ್ದ. ತಂತಿ ಕಿತ್ತ ಮೇಲೆ ಮೂರು ರಿಂಗಿಗೂ ಯಾರೂ ಎತ್ತಲಿಲ್ಲವೆಂದು ಹೆದರಿ ಬಸ್ಸು ಹತ್ತಿಬಿಟ್ಟಿದ್ದ. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತು, ಗಾಬರಿಯಾದಾಗಲೆಲ್ಲ ಬಾಯಿಗೆ ಬರುವ ತೆಲುಗಿನಲ್ಲಿ, "ಏಮೈಂದಿ ಭಾವ? ಏನಾಯ್ತು?" ಎಂದ. ಫೋಟೋ ಹೋಯಿತು ಎಂದು ನಾವು ಹೇಳಿದ ಮೇಲೆಯೇ ಅವನು ಕೂತದ್ದು. ನೀರು ಕುಡಿಯುತ್ತಾ ಮೇಜಿನ ಕಡೆ ನೋಡಿ, ದಿನಚರಿಯ ಮೇಲಿದ್ದ ಬಿಳಿ ಡಬ್ಬಿಯನ್ನು ಕೈಗೆತ್ತಿಕೊಂಡ. "ಇದ್ಯಾಕೆ ಭಾವ ಇಲ್ಲೈತೆ? ನಮ್ಮೂರ ಸೈಬರ್ ಸೆಂಟರಲ್ಲಿ ಫೋನಿಗೂ ಪೆಟ್ಟಿಗೆಗೂ ಮಧ್ಯೆ ಇದನ್ನ ಹಾಕ್ಯಾರೆ. ಇದಿಲ್ದಿದ್ರೆ ಎರಡೂ ಜಗಳ ಆಡ್ತಾವಂತೆ."

ಅವ್ವ, "ಎತ್ತು ಇಳಿಯಾಕೆ ಜಾಗ" ಎಂದು ಅವರೆಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಡಬ್ಬಿಯನ್ನು ಅದರ ಜಾಗಕ್ಕೆ ಸೇರಿಸಿ ಹತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಫೋನು ಬಡಿಯಿತು. ಒಂದು, ಎರಡು, ಮೂರು. ನಾನು ಪೆಟ್ಟಿಗೆಯನ್ನೇ ನೋಡುತ್ತಾ ನಿಂತೆ. ನಾಲ್ಕು ದೀಪವೂ ಕದಲಲಿಲ್ಲ. "ದೀಪ ಆಮೇಲೆ ನೋಡೀರಂತೆ, ಫೋನ್ ಎತ್ರೀ!" ಎಂದು ಗಿರಿಜಾ ಅಡುಗೆಮನೆಯಿಂದ ಕೂಗಿದಳು. ಶೇಂಗಾ ಸೀರೆ ಆಯ್ಕೆಯಾಗಿತ್ತು. ರುದ್ರಪ್ಪನವರು ಆ ದಿನ ಬೀದಿಗೆಲ್ಲ ಹುರಿದ ಶೇಂಗಾ ಹಂಚಿ, "ನಾನು ಮಿಲ್ಲು ನಿಲ್ಸಿದ್ದಕ್ಕೇ ಆಗಿದ್ದು" ಎಂದರು. ಅದರಲ್ಲಿಯೂ ಸತ್ಯವಿದೆ. ಮಿಲ್ಲಿನ ಸದ್ದಿನಲ್ಲಿ ಆ ಒಂದು ರಿಂಗು ನನ್ನ ಕಿವಿಗೆ ಎಂದಾದರೂ ಬೀಳುತ್ತಿತ್ತೇ?

ಇಷ್ಟೆಲ್ಲ ನನಗೆ ಈಗ ನೆನಪಾಗಿದ್ದು ಗಿರಿಜಾ ನೆಂಟರ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ. ಅದಕ್ಕೆ ಮೊದಲು ನಾನು ದಿನಚರಿ ತಂದು, ಆ ಶನಿವಾರದ ಪುಟ ತೆರೆದು, ಗಟ್ಟಿಯಾಗಿ ಓದಿದ್ದೆ. ನನ್ನದೇ ದುಂಡು ಅಕ್ಷರದಲ್ಲಿ ಹೀಗಿತ್ತು: 'ಹದಿನೆಂಟು ದಿನಗಳ ಕ್ರಮಬದ್ಧ ಅವಲೋಕನದ ಫಲವಾಗಿ ಇಂದು ದೋಷವನ್ನು ಪತ್ತೆ ಹಚ್ಚಿದೆ.' ಅವ್ವನ ಹೆಸರಿಲ್ಲ. ನಾಗರಾಜನ ಹೆಸರಿಲ್ಲ. ಡಬ್ಬಿಯ ಸುದ್ದಿಯೇ ಇಲ್ಲ.

"ಬರೆದೋರು ಯಾರು?" ಎಂದಳು ಗಿರಿಜಾ.

ಅಂದರೆ ಆ ದಿನವೇ, ನೆನಪು ಇನ್ನೂ ಬಿಸಿಯಾಗಿದ್ದಾಗಲೇ, ನಾನು ಹೀಗೆ ಬರೆದಿದ್ದೆ. ಇನ್ನು ಮುಂದೆ ಸಿದ್ದಾಪುರದ ಬಂಡೆಯ ಮುಂದೆ ಹುಡುಗರಿಗೆ ಏನು ಹೇಳುವುದೋ ತಿಳಿಯದು. ಬಹುಶಃ ಮೇಕೆಗಳನ್ನು ನೋಡುವುದೇ ಸರಿ. ದಾಖಲೆಯನ್ನು ತಿದ್ದುವುದು ಇತಿಹಾಸಕಾರನಿಗೆ ತಕ್ಕದ್ದಲ್ಲ, ಆದ್ದರಿಂದ ಆ ವಾಕ್ಯವನ್ನು ಹೊಡೆದುಹಾಕಲಿಲ್ಲ. ಪಕ್ಕದ ಅಂಚಿನಲ್ಲಿ 'ಕಂಡುಹಿಡಿದವಳು ಅವ್ವ' ಎಂದು ಸೇರಿಸಿದೆ. ಬರೆದಾದ ಮೇಲೆ ನಿಜಕ್ಕೂ ಎದೆಯುಬ್ಬಿತು. ಇಂಥ ತಾಯಿಯ ಮಗ ನಾನು! ಪೆನ್ಸಿಲಿನಲ್ಲಿ ಬರೆದಿದ್ದೇನೆ. ಮುಂದೆಂದಾದರೂ ನನ್ನ ನೆನಪು ಬೇರೆ ಏನಾದರೂ ಹೇಳಿದರೆ, ಅಳಿಸಲು ಅನುಕೂಲವಿರಲಿ ಎಂದು.